ಎಡಗಡೆಯ ಸೀಟು

ಕಳೆದ ವಾರ ಕಟಪಾಡಿಯ ಹತ್ತಿರ, ಹೆದ್ದಾರಿ ಬದಿಯ ಸರ್ವೀಸ್ ಸ್ಟೇಶನ್ನಿನಲ್ಲಿ ದಿನಾ ಕೆಲಸಕ್ಕೆ ಓಡಿಸುವ ನನ್ನ ಕಾರು ತೊಳೆಸಲು ನಿಂತಿದ್ದೆ. ಮೇ ತಿಂಗಳ ಕೊನೆ. ನನ್ನ ಮುಂದೆ ಕಾರುಗಳ ದೊಡ್ಡ ಸಾಲೇ ಇತ್ತು. ನಮ್ಮ ಕರಾವಳಿಯವರಿಗೆ ಮಳೆಗಾಲದ ತಯಾರಿ ಎಂದರೆ ಕೊಡೆ ಹುಡುಕುವುದು, ಹಪ್ಪಳ ಒಣಗಿಸುವುದು ಮಾತ್ರ ಅಲ್ಲ, ಕಾರಿನ ಹೊಟ್ಟೆಗೆ ಆಯಿಲ್ ಹೊಡೆಸುವುದೂ ಹೌದು. ಉಪ್ಪುಗಾಳಿಗೂ ಮಳೆ ನೀರಿಗೂ ಕಾರಿನ ಅಡಿ ತುಕ್ಕು ಹಿಡಿಯಬಾರದೆಂದು, ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲಿಗೆ ಡೀಸೆಲ್ ಬೆರೆಸಿ, ಗಾಳಿಯ ಪೈಪಿನಿಂದ ಕೆಳಗೆಲ್ಲ ಚಿಮುಕಿಸುತ್ತಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಒಬ್ಬಳೇ ನಗತೊಡಗಿದೆ. ಪೈಪು ಹಿಡಿದಿದ್ದ ಬಾಗಲಕೋಟೆಯ ಕೆಲಸಗಾರ ಗಾಬರಿಯಿಂದ ನೋಡಿದ.

“ಯಾಕ್ರೀ ಮೇಡಂ, ಏನಾತ್ರೀ?”

“ಏನಿಲ್ಲಪ್ಪ, ಯಾರೋ ನೆನಪಾದರು” ಎಂದೆ. ಅಷ್ಟರಲ್ಲಿ ನಗು ಹೋಗಿತ್ತು. ಡೀಸೆಲ್ ಹೊಗೆಯ ನೆಪ ಹೇಳಿ ಆಚೆ ಹೋಗಿ ನಿಂತೆ.

ಅವರನ್ನು ನಾನು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾವು ಮೂಲದಲ್ಲಿ ಈ ಊರಿನವರಲ್ಲ. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಹಾವೇರಿಯಿಂದ ಕಾಪುವಿಗೆ ವರ್ಗವಾಗಿ, ಮೀನಿನ ರುಚಿ ಹತ್ತಿ, ಇಲ್ಲೇ ಬೇರು ಬಿಟ್ಟವರು. ಆ ನೆನಪಾದವರದು ನಮ್ಮ ಪಕ್ಕದ ಮನೆ. ಕ್ರೈಸ್ತರ ಹಿರಿಯ ಗಂಡಸರನ್ನು ತುಳುವಿನಲ್ಲಿ ಮರ್ಯಾದೆಯಿಂದ ‘ಪೊರ್ಬುಲು’ ಎನ್ನುತ್ತಾರೆ. ಅಮ್ಮ ಅದನ್ನು ತನ್ನ ಕನ್ನಡಕ್ಕೆ ಒಗ್ಗಿಸಿ ‘ಪೊರ್ಬುಗಳು’ ಎಂದಳು, ಮನೆಮಂದಿಗೆಲ್ಲ ಅವರು ಪೊರ್ಬುಗಳೇ ಆದರು. ಅವರ ಹೆಂಡತಿ ಬಾಯಮ್ಮ. ನಾನು ಅವರಿಬ್ಬರಿಗೂ ‘ಬಾಯೆ’. ಕೊಂಕಣಿಯಲ್ಲಿ ಮನೆಯ ಹೆಣ್ಣುಮಗುವನ್ನು ಹಾಗೆ ಕರೆಯುತ್ತಾರೆ. ನಾನು ಓದಿ, ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್ ಆಗಿ, ನಾಲ್ಕು ಜನರಿಂದ ‘ಮೇಡಂ’ ಎನ್ನಿಸಿಕೊಂಡ ಮೇಲೂ ಕಾಂಪೌಂಡಿನ ಆಚೆಯಿಂದ ಕೇಳುತ್ತಿದ್ದದ್ದು ಅದೇ ಕರೆ.

ಪೊರ್ಬುಗಳು ಗಲ್ಫಿನಲ್ಲಿ ಬೇಕರಿ ಕೆಲಸ ಮಾಡಿ ಬಂದವರು. ಗಲ್ಫಿನಿಂದ ಬಂದವರು ಮನೆಗೆ ಗ್ರಾನೈಟ್ ಹಾಸುತ್ತಾರೆ, ಮಹಡಿ ಎಬ್ಬಿಸುತ್ತಾರೆ. ಬಾಯಮ್ಮ ಪಾಪ, ತಾರಸಿಗೊಂದು ಶೀಟು ಹಾಕಿಸಿದರೆ ಸಾಕು ಎಂದಿದ್ದರಂತೆ. ಇವರು ಮಂಗಳೂರಿಗೆ ಶೀಟು ನೋಡಲು ಹೋದವರು ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದರು! ಹಡಗಿನ ಅಧಿಕಾರಿಯೊಬ್ಬ ಜಪಾನಿನಿಂದ ತರಿಸಿಕೊಂಡಿದ್ದ ಹಳೆಯ ಕಾರು. ಎರಡೇ ಬಾಗಿಲು. ಹಿಂದೆ ಸೀಟು ಅಂತ ಒಂದು ಇತ್ತು, ಅದರಲ್ಲಿ ಎರಡು ಗೋಣಿ ತೆಂಗಿನಕಾಯಿ ಕೂರುತ್ತಿದ್ದವು, ಮನುಷ್ಯರು ಕಷ್ಟ. ಬಾಯಮ್ಮ ಅದರಲ್ಲಿ ಇಗರ್ಜಿಗೆ ಹೋಗುವುದನ್ನೇ ಬಿಟ್ಟರು. “ಕೂರುವುದು ಅಂದರೆ ನೆಲದಲ್ಲಿ ಕೂತ ಹಾಗೆ. ಏಳಿಸಲಿಕ್ಕೆ ಇಬ್ಬರು ಬೇಕು. ಇವರಿಗೆ ಮಂಡೆ ಸಮ ಇಲ್ಲ” ಎಂದು ನಮ್ಮ ಅಮ್ಮನ ಹತ್ತಿರ ಅಲವತ್ತುಕೊಳ್ಳುತ್ತಿದ್ದರು.

ನನಗೆ ಕಾರು ಕಲಿಸಿದ್ದು ಪೊರ್ಬುಗಳು. ಅಪ್ಪನ ಲೆಕ್ಕದಲ್ಲಿ ಉಡುಪಿಗೆ ಹೋಗಲು ಐದು ನಿಮಿಷಕ್ಕೊಂದು ಬಸ್ಸಿರುವಾಗ ಹುಡುಗಿಗೆ ಕಾರು ಏಕೆ? ಪೊರ್ಬುಗಳು ಅಪ್ಪನೊಡನೆ ವಾದಕ್ಕೆ ಹೋಗಲಿಲ್ಲ. ಒಂದು ಭಾನುವಾರ ಕೀಲಿಕೈ ನನ್ನ ಕೈಗೆ ಹಾಕಿ, ಬೀಚಿನ ಬದಿಯ ಖಾಲಿ ಜಾಗಕ್ಕೆ ಕರೆದುಕೊಂಡು ಹೋದರು. ತಾವು ಎಡಗಡೆ ಕೂತು, ಎರಡೂ ಕೈ ಎದೆಗೆ ಕಟ್ಟಿಕೊಂಡು, ಒಂದೇ ಒಂದು ಪಾಠ ಹೇಳಿದರು:

“ಕಾರು ಎಂತ ಹೇಳ್ತದೆ ಅಂತ ಕಿವಿಯಲ್ಲಿ ಕೇಳಬೇಡ ಬಾಯೆ. ಕುಂಡೆಯಲ್ಲಿ ಕೇಳು.”

ನಾನು ಹೌಹಾರಿದೆ. ಬಾಯಮ್ಮನಿಗೆ ಗೊತ್ತಾಗಿ ಅವತ್ತು ಪೊರ್ಬುಗಳಿಗೆ ಊಟದ ಜೊತೆ ಬೈಗುಳವೂ ಬಿತ್ತು. ಆದರೆ ಆ ಪಾಠಕ್ಕಿಂತ ಸರಿಯಾದದ್ದನ್ನು ಇವತ್ತಿನವರೆಗೆ ಯಾರೂ ನನಗೆ ಹೇಳಿಲ್ಲ. ಚಕ್ರ ಜಾರುವ ಮೊದಲು, ಬ್ರೇಕು ಕೈಕೊಡುವ ಮೊದಲು, ಸುದ್ದಿ ಬರುವುದು ಸೀಟಿಗೇ.

ಪೊರ್ಬುಗಳ ಒಂದೇ ಒಂದು ದುಃಖ ಎಂದರೆ ಎಕ್ಸ್‌ಪ್ರೆಸ್ ಬಸ್ಸು. ಮಂಗಳೂರು–ಉಡುಪಿ ಬಸ್ಸಿನ ಡ್ರೈವರುಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಸ್ಪೋರ್ಟ್ಸ್ ಕಾರಿರಲಿ, ಸಾಕ್ಷಾತ್ ಯಮನ ಕೋಣವೇ ಇರಲಿ, ಹಾರ್ನ್ ಬಾರಿಸಿ ಹಿಂದಿಕ್ಕುತ್ತಾರೆ. ಹಂಪು, ದನ, ಸ್ಕೂಟರು ಎಲ್ಲಕ್ಕೂ ಹೆದರಿ ಹೋಗುವ ಪೊರ್ಬುಗಳನ್ನು ದಿನಾ ಅವರು ಹಿಂದಿಕ್ಕುತ್ತಿದ್ದರು. “ಈ ಕಾರು ಎಂತಕ್ಕೆ ಹುಟ್ಟಿದ್ದು ಅಂತ ಅದಕ್ಕೇ ಗೊತ್ತಿಲ್ಲ ಬಾಯೆ. ಒಂದು ದಿನ ಅದಕ್ಕೆ ತೋರಿಸಬೇಕು” ಎನ್ನುತ್ತಿದ್ದರು. ಒಂದು ದಿನ... ಎಲ್ಲರ ಬಾಯಲ್ಲೂ ಇರುವ ಮಾತೇ ಅದು.

ಆಮೇಲೆ ಅವರ ಕಣ್ಣು ಹೋಗತೊಡಗಿತು. ಮೊದಲು ಕಾಪು ಪೇಟೆಯಲ್ಲಿ ನಿಂತಿದ್ದ ಮೀನಿನ ಟೆಂಪೋಗೆ ಕಾರಿನ ಬದಿ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವರು ಮನೆಗೆ ಬಂದು, ಕಾರು ನಿಲ್ಲಿಸಿ, ಕೀಲಿಕೈಯನ್ನು ನಮ್ಮ ಮನೆಯ ಕಿಟಕಿಯಲ್ಲಿ ಇಟ್ಟು ಹೋದರು. ನಾನೇ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಗ್ಲಾಕೋಮಾ. ಎರಡೂ ಕಣ್ಣಿನ ನೋಟ ಸುತ್ತಲಿಂದ ಕಿರಿದಾಗುತ್ತಾ ಬಂದಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದೂ ಹೆಚ್ಚು ಕಾಲ ಇರುವ ಹಾಗೆ ಕಾಣುವುದಿಲ್ಲ ಎಂದರು ಡಾಕ್ಟರು. ವಾಪಸು ಬರುವಾಗ ಪೊರ್ಬುಗಳು ಉದ್ಯಾವರದ ಸೇತುವೆ ದಾಟಿದ ಮೇಲೆ ಹೇಳಿದರು:

“ತಮಿಳುನಾಡಿನಲ್ಲಿ ರೇಸಿನ ಟ್ರ್ಯಾಕ್ ಉಂಟಂತೆ. ಫೀಸು ಕಟ್ಟಿದರೆ ನಮ್ಮ ಕಾರೇ ಓಡಿಸ್ಲಿಕ್ಕೆ ಬಿಡ್ತಾರಂತೆ. ನೀನು ಓಡಿಸ್ತೀಯಾ? ನನಗೆ ಕಾಣುವಾಗಲೇ ಒಮ್ಮೆ ನೋಡಬೇಕು.”

ಹೂಂ ಎಂದೆ. ಇಲ್ಲ ಎನ್ನುವುದು ಹೇಗೆ?

ಟ್ರ್ಯಾಕ್ ಡೇ ಎಂದರೆ ಪಂದ್ಯವಲ್ಲ. ಆಸೆ ಇದ್ದವರು ತಮ್ಮ ಕಾರನ್ನು ಸರದಿಯಲ್ಲಿ ರೇಸಿನ ದಾರಿಗಿಳಿಸಿ, ಮನಸ್ಸು ಬಿಚ್ಚಿ ಓಡಿಸುವ ದಿನ. ಆದರೆ ತೆಂಗಿನಕಾಯಿ ಹೊತ್ತ ಕಾರನ್ನು ಹಾಗೇ ಇಳಿಸಲು ಆಗುತ್ತದೆಯೇ? ಹುಡುಕಿದಾಗ ಸಿಕ್ಕಿದವರು ಕಾರ್ಕಳದ ಗ್ಯಾರೇಜಿನ ಶೆಟ್ರು. ರ‍್ಯಾಲಿ ಕಾರುಗಳನ್ನು ತಯಾರು ಮಾಡುವವರು, ಮುಖ ಸದಾ ಗಂಟು. ಪೊರ್ಬುಗಳು ಹೋದ ಕೂಡಲೇ ದೊಡ್ಡ ಶಬ್ದದ ಸೈಲೆನ್ಸರ್ ಬೇಕೆಂದರು. ಶೆಟ್ರು ಕಾರಿನ ಅಡಿಯಿಂದಲೇ ಉತ್ತರ ಕೊಟ್ಟರು.

“ಶಬ್ದದಿಂದ ಕಾರು ಓಡುವುದಾದ್ರೆ ಡೋಲು ಬಡಿಯುವ ನಾಸಿಕ್ ಬ್ಯಾಂಡಿನವರು ಫಸ್ಟ್ ಬರ್ತಿದ್ರು ಪೊರ್ಬುಗಳೇ. ಮೊದಲು ಇದು ನಿಲ್ಲಲಿ, ಮತ್ತೆ ಓಡಲಿ.”

ಹಾಗೆ ಮೊದಲು ಬ್ರೇಕು. ಗಟ್ಟಿ ಪ್ಯಾಡು, ಬಿಸಿಗೆ ಕುದಿಯದ ಬ್ರೇಕ್ ಆಯಿಲ್, ಹೊಸ ಪೈಪು. ಆಮೇಲೆ ತಿರುವಿನಲ್ಲಿ ಕಾರು ವಾಲದ ಹಾಗೆ ಗಟ್ಟಿ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು. ರೇಡಿಯೇಟರು ಬಿಚ್ಚಿ ತೊಳೆದರು. ಟೈರು ಮೆತ್ತನೆಯ ರಬ್ಬರಿನದು, ನೆಲ ಕಚ್ಚುವಂಥದ್ದು. ಕೊನೆಗೆ, ಕಾರು ಹಗುರ ಆಗಬೇಕು, ಬೇಡದ್ದೆಲ್ಲ ಕಿತ್ತು ಹಾಕಿ ಎಂದರು ಶೆಟ್ರು.

ಬೇಕರಿಯವರಿಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ! ಪೊರ್ಬುಗಳು ಹಿಟ್ಟು ತೂಗುವ ಹಳೆಯ ತಕ್ಕಡಿಯನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ತೂಗುಹಾಕಿದರು. ಕಾರಿನಿಂದ ಏನೇ ಬಿಚ್ಚಿದರೂ ಅದು ತಕ್ಕಡಿಗೆ ಹೋಗಬೇಕು. ಅವರ ಲೆಕ್ಕವೂ ಬೇಕರಿಯದೇ. ಸ್ಪೀಕರುಗಳು ಸೇರಿ ಒಂದು ಮದುವೆ ಕೇಕು. ನೆಲದ ಕಾರ್ಪೆಟ್ಟು ಒಂದು ತಟ್ಟೆ ಬನ್ನು. ಸ್ಟೆಪ್ನಿ ಟೈರು ಶಾಲೆಯ ಮಕ್ಕಳ ಬ್ರೆಡ್ಡಿನ ಆರ್ಡರು. ಎಸಿ ಬಿಚ್ಚಿದ ದಿನ ನಾನು ಅಳುವುದೊಂದು ಬಾಕಿ. ಕರಾವಳಿಯ ಸೆಕೆಯಲ್ಲಿ ಎಸಿ ಇಲ್ಲದ ಕಾರು! “ಬೆವರಿದ್ರೆ ನೀನೂ ಹಗುರ ಆಗ್ತೀ ಬಾಯೆ, ಕಾರಿಗೆ ಒಳ್ಳೆಯದೇ” ಎಂದು ಚುಡಾಯಿಸಿದರು. ಹಿಂದಿನ ಸೀಟು ಜಗಲಿಗೆ ಬಂತು, ಬಾಯಮ್ಮ ಅದರ ಮೇಲೆ ಹೂವಿನ ಬಟ್ಟೆ ಹಾಸಿ, “ಈ ಕಾರಿನಿಂದ ನನಗೆ ಸಿಕ್ಕಿದ ಸುಖ ಇದೊಂದೇ” ಎಂದು ಕೂತರು.

ಉಳಿದದ್ದು ಎಡಗಡೆಯ ಸೀಟು. ಅದು ಹೋದರೆ ಕಾರು ಇನ್ನಷ್ಟು ಹಗುರ. ಅದನ್ನು ಬಿಚ್ಚಲು ಮನೆಗೇ ಬಂದಿದ್ದ ಶೆಟ್ರು ಸ್ಪ್ಯಾನರ್ ಹಿಡಿದು ಬಗ್ಗಿದರು. ಪೊರ್ಬುಗಳು ಸಿಡಿದೇಬಿಟ್ಟರು.

“ಅದಕ್ಕೆ ಕೈ ಹಾಕಬೇಡಿ!”

ಎಷ್ಟೆಂದರೂ ಹೆಂಡತಿಯ ಜಾಗ, ಇವರ ಪ್ರೀತಿ ಎಂಥದ್ದು ಎಂದು ನನ್ನ ಮನಸ್ಸು ಕರಗಿಯೇ ಹೋಯಿತು. ಬಾಯಮ್ಮ ಕೂಡ ಜಗಲಿಯಿಂದ ಸ್ವಲ್ಪ ನಾಚಿ ನೋಡಿದರು. ಆಗ ಪೊರ್ಬುಗಳು ಹೇಳಿದರು: “ಅದನ್ನೂ ತೆಗೆದ್ರೆ ನಾನು ಎಲ್ಲಿ ಕೂರುವುದು ಮಾರಾಯ್ರೇ, ಬಾನೆಟ್ಟಿನ ಮೇಲಾ?”

ಹೊರಡುವ ದಿನ ಹತ್ತಿರ ಬಂತು. ಮುಂಗಾರು ಇನ್ನೇನು ಕಾಲಿಡುವ ಹೊತ್ತು. ಕಾರನ್ನು ಲಾರಿಯ ಮೇಲೆ ಕಳಿಸಿ, ಪೊರ್ಬುಗಳು, ಶೆಟ್ರು, ನಾನು ಮೂವರು ರೈಲಿನಲ್ಲಿ ಹೋದೆವು. ಬೆಳಿಗ್ಗೆ ಟ್ರ್ಯಾಕಿನಲ್ಲಿ ಪೊರ್ಬುಗಳು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಕಾರಿನ ಸುತ್ತ ಪ್ರದಕ್ಷಿಣೆ ಬರುತ್ತಿದ್ದರು. ಮೊದಲ ಸರದಿಗೆ ನಾನೊಬ್ಬಳೇ ಹೋಗಿ ದಾರಿ ಪರಿಚಯ ಮಾಡಿಕೊಳ್ಳಬೇಕು, ಆಮೇಲಿನ ಸರದಿಗೆ ಅವರು ಹತ್ತಬೇಕು ಎಂದು ಮಾತಾಗಿತ್ತು.

ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಕನ್ನಡಿಯಲ್ಲಿ ನೋಡುತ್ತೇನೆ, ಹಿಂದೆ ಹೊಗೆಯೋ ಹೊಗೆ! ಬಾವುಟ ಬೀಸಿ ನನ್ನನ್ನು ಹೊರಗೆ ಕರೆದರು. ಅಲ್ಲಿನ ಮೇಲ್ವಿಚಾರಕ ಬಗ್ಗಿ ನೋಡಿ ತಲೆಯಾಡಿಸಿದ. ಅಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಿದೆ, ಅದು ದಾರಿಗೆ ಬಿದ್ದರೆ ಹಿಂದೆ ಬರುವವರು ಜಾರಿ ಸಾಯುತ್ತಾರೆ, ನಿಮ್ಮ ಕಾರಿಗೆ ಇವತ್ತು ಇಷ್ಟೇ ಎಂದ. ಶೆಟ್ರ ಮುಖ ಕಪ್ಪಿಟ್ಟಿತು. ಎಂಜಿನ್ ಸೋರುತ್ತಿದೆ ಎಂದರೆ ಅದು ಅವರ ಕೈಗೇ ಅವಮಾನ. ಅಡಿಗೆ ನುಗ್ಗಿದರು. ಮತ್ತೆ ಕಪ್ಪಾದ ಒಂದು ಬೆರಳನ್ನು ಮೂಸುತ್ತಾ ಹೊರಗೆ ಬಂದರು.

“ಪೊರ್ಬುಗಳೇ, ಆಯಿಲ್ ಹೊಡೆಸಿದ್ರಾ?”

ಪೊರ್ಬುಗಳು ಅಂಗಿಯ ಗುಂಡಿ ನೋಡಿಕೊಂಡರು.

“ಮಳೆಗಾಲ ಬಂತಲ್ವಾ... ಕಾರ್ಪೆಟ್ಟೂ ಇಲ್ಲ ಒಳಗೆ... ತೆರೆದ ಲಾರಿಯಲ್ಲಿ ಬೇರೆ ಬರುವುದು...”

ಲಾರಿ ಬರುವ ಹಿಂದಿನ ದಿನ, ನಾನು ಮಣಿಪಾಲದಲ್ಲಿ ಕೆಲಸದಲ್ಲಿದ್ದಾಗ, ಕಟಪಾಡಿಯ ಸರ್ವೀಸ್ ಸ್ಟೇಶನ್ನಿನವನನ್ನು ಮನೆಗೆ ಕರೆಸಿ ಕಾರು ಕೊಟ್ಟು ಕಳಿಸಿದ್ದರು. ನೀರು ಹೊಡೆಸಿ, ಆಯಿಲ್ ಹೊಡೆಸಿ, ಮದುಮಗಳ ಹಾಗೆ ತಯಾರು ಮಾಡಿದ್ದರು. ವರ್ಷ ವರ್ಷ ಮಳೆಗೆ ಮುಂಚೆ ಮಾಡುತ್ತಿದ್ದದ್ದನ್ನು ಈ ವರ್ಷ ಇನ್ನೂ ಪ್ರೀತಿಯಿಂದ, ಎರಡು ಕೋಟು ಮಾಡಿಸಿದ್ದರು. ಬಿಸಿ ಸೈಲೆನ್ಸರಿನ ಮೇಲೆ ಆ ಪ್ರೀತಿಯೆಲ್ಲ ಹೊಗೆಯಾಗಿತ್ತು. ಇಂಥ ತಪ್ಪನ್ನು ಜಗತ್ತಿನಲ್ಲಿ ಕರಾವಳಿಯವರು ಬಿಟ್ಟು ಇನ್ನಾರು ಮಾಡಿಯಾರು? ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

“ಇರಲಿ ಬಿಡಿ, ಬರುವ ವರ್ಷ ಬರುವ” ಎಂದರು ಶೆಟ್ರು. ಗಂಟುಮುಖದವರಿಗೆ ಅಷ್ಟು ಮೃದು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಬರುವ ವರ್ಷ ನನಗೆ ಕಾಣುವುದಿಲ್ಲ ಶೆಟ್ರೇ.”

ಕಣ್ಣಿನ ಬಗ್ಗೆ ಅವರು ಅಷ್ಟು ನೇರವಾಗಿ ಹೇಳಿದ್ದು ಅದೇ ಮೊದಲ ಸಲ. ನಾನು ಓಡಿ ಆ ಮೇಲ್ವಿಚಾರಕನ ಹಿಂದೆ ಬಿದ್ದೆ. ಇಂಗ್ಲಿಷು, ಬಾರದ ತಮಿಳು, ಕೈಸನ್ನೆ ಎಲ್ಲ ಸೇರಿಸಿ ಗೋಗರೆದೆ. ಅವನು ಕೊನೆಗೆ ಒಂದು ಮಾತು ಕೊಟ್ಟ. ಸಂಜೆಯ ಕೊನೆಯ ಸರದಿಗೆ ಮುಂಚೆ ಬಿಳಿ ಬಟ್ಟೆಯಿಂದ ಅಡಿಯನ್ನು ಒರೆಸಿ ನೋಡುತ್ತೇನೆ, ಬಟ್ಟೆಗೆ ಎಣ್ಣೆ ಹತ್ತಿದರೆ ಮತ್ತೆ ಕೇಳಬಾರದು.

ಕಾರು ತಣಿದ ಮೇಲೆ ಜಾಕಿ ಕೊಟ್ಟು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಪಾತ್ರೆ ತೊಳೆಯುವ ಸೋಪು, ಸೀಮೆಎಣ್ಣೆ, ಅವರಿವರಿಂದ ಬೇಡಿ ತಂದ ಹಳೆ ಬಟ್ಟೆ. ಮಧ್ಯಾಹ್ನದ ಊಟವಿಲ್ಲದೆ ಶೆಟ್ರೂ ನಾನೂ ಉಜ್ಜಿದೆವು, ನೀರು ಹೊಡೆದೆವು, ಮತ್ತೆ ಉಜ್ಜಿದೆವು. ಫಳಫಳ ಹೊಳೆಯಿತು. ಮುಗಿಯಿತು ಎಂದುಕೊಂಡೆವು. ಆಗ ಪೊರ್ಬುಗಳು ಬಿಳಿ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಬನಿಯನ್ನಿನಲ್ಲೇ ಕಾರಿನ ಅಡಿಗೆ ತೆವಳಿದರು. ಅವರಿಗೆ ಅಲ್ಲಿ ಏನು ಕಾಣುತ್ತದೆ ಎಂದು ನಾನು ತಡೆಯಲು ಹೋದೆ. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಹಿಟ್ಟು ನಾದಿ ನಾದಿ ಪಳಗಿದ ಬೆರಳುಗಳು ತಗಡಿನ ಮೇಲೆ ನಿಧಾನ ಸರಿಯುತ್ತಿದ್ದವು.

“ಇಲ್ಲಿ ಇನ್ನೂ ಜಿಡ್ಡು ಉಂಟು ಬಾಯೆ. ಬಟ್ಟೆ ತಾ... ಇಲ್ಲಿಯೂ ಉಂಟು, ಈ ಟ್ಯಾಂಕಿಯ ಹಿಂದೆ... ಶೆಟ್ರೇ, ಈ ಸಂದಿ ನೋಡಿ.”

ನಾವು ಕಣ್ಣಿದ್ದವರು ಬಿಟ್ಟದ್ದನ್ನೆಲ್ಲ ಅವರು ಬೆರಳಿನಿಂದ ಹುಡುಕಿ ತೆಗೆದರು. ಹೊರಗೆ ಬಂದಾಗ ಮೈಯೆಲ್ಲ ಮಸಿ. ಮೇಲ್ವಿಚಾರಕ ಬಂದ, ಬಟ್ಟೆ ಒರೆಸಿದ, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬಟ್ಟೆ ಬಿಳಿಯಾಗಿಯೇ ಇತ್ತು. “ಹೋಗಿ” ಎಂದು ಕೈ ತೋರಿಸಿದ.

ಪೊರ್ಬುಗಳಿಗೆ ಹೆಲ್ಮೆಟ್ ಹಾಕಿ, ಬೆಲ್ಟು ಬಿಗಿದು, ಎಡಗಡೆಯ ಸೀಟಿನಲ್ಲಿ ಕೂರಿಸಿದೆವು. ಈ ಸಲ ಹೊಗೆ ಇಲ್ಲ. ನೇರ ದಾರಿಯಲ್ಲಿ ಎಂಜಿನ್ ದನಿ ಏರುತ್ತಾ ಹೋಯಿತು, ಐದನೇ ಗೇರು ಬಿತ್ತು. ಕಾಪುವಿನ ಅಂಗಳದಲ್ಲಿ ತೆಂಗಿನಕಾಯಿ ಹೊತ್ತ ಕಾರು ಇದೇನಾ? ತಿರುವಿಗೆ ತಿರುವು ನೆಲ ಕಚ್ಚಿಕೊಂಡು ಹೋಗುತ್ತಿತ್ತು. ಖುಷಿ ತಡೆಯದೆ, ಪೊರ್ಬುಗಳ ಮುಖ ನೋಡೋಣವೆಂದು ಒಂದು ಕ್ಷಣ ಅತ್ತ ತಿರುಗಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು! ಹೆದರಿದ್ದಾರೆಂದು ವೇಗ ಇಳಿಸಿದೆ. ತಕ್ಷಣ ತೊಡೆ ತಟ್ಟಿ ‘ಹೋಗು, ಹೋಗು’ ಎಂದು ಕೈಸನ್ನೆ ಮಾಡಿದರು. ಕಣ್ಣು ಮಾತ್ರ ಬಿಡಲಿಲ್ಲ.

ಇಳಿದ ಮೇಲೆ ನನಗೆ ರೇಗಿತು. “ಎಂತ ಪೊರ್ಬುಗಳೇ ಇದು? ಇಷ್ಟೆಲ್ಲ ಪಾಡು ಪಟ್ಟದ್ದು ನೀವು ನೋಡಲಿ ಅಂತ. ಕಣ್ಣು ಮುಚ್ಚಿ ಕೂತಿದ್ದೀರಲ್ಲ!”

ಅವರು ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡರು. ಕೆನ್ನೆಯ ಮಸಿ ಇನ್ನಷ್ಟು ಹರಡಿತು.

“ಮೊದಲ ಸುತ್ತು ನೋಡಿದೆ ಬಾಯೆ. ಕಣ್ತುಂಬ ನೋಡಿದೆ. ಆಮೇಲೆ ಮುಚ್ಚಿದೆ. ಮುಂದೆ ನನಗೆ ಹೀಗೇ ಅಲ್ವಾ ಇರುವುದು? ಕತ್ತಲೆಯಲ್ಲಿ ಕಾರು ಸಿಗ್ತದಾ ಇಲ್ವಾ ಅಂತ ನೋಡಿದ್ದು.” ನಕ್ಕರು. “ಸಿಗ್ತದೆ ಮಾರಾಯ್ತಿ. ಎಲ್ಲ ಸಿಗ್ತದೆ. ಆ ಉದ್ದ ತಿರುವಿನಲ್ಲಿ ನೀನು ಬ್ರೇಕ್ ತಡ ಮಾಡಿದ್ದೂ ಸಿಕ್ಕಿತು.”

ಶೆಟ್ರು ಆಚೆ ತಿರುಗಿ ನಿಂತರು. ನಾನು ಅವರ ಬಿಳಿ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತೆ.

ಮುಂದಿನ ವರ್ಷದ ಹೊತ್ತಿಗೆ ಅವರು ಹೇಳಿದ ಹಾಗೆಯೇ ಆಯಿತು. ಆದರೆ ಪೊರ್ಬುಗಳು ಮೂಲೆ ಸೇರಲಿಲ್ಲ. ಕಾರಿಗೆ ಊರಿನ ರಸ್ತೆಗೆ ಬೇಕಾದದ್ದನ್ನು ಮತ್ತೆ ಜೋಡಿಸಿದೆವು, ಎಸಿಯೂ ಬಾಯಮ್ಮನ ಪಾಲಾದ ಹಿಂದಿನ ಸೀಟೂ ಬಿಟ್ಟು. ಕಣ್ಣಿನ ಡಾಕ್ಟರ ಹತ್ತಿರ ಹೋಗುವ ದಿನ ಎಡಗಡೆ ಕೂತು, ದಾರಿಯುದ್ದಕ್ಕೂ ಊರು ಹೇಳುತ್ತಾ ಬರುತ್ತಿದ್ದರು. ಕೀಲು ಕೀಲಿನ ಸದ್ದಿಗೆ ಉದ್ಯಾವರದ ಸೇತುವೆ, ಇಂದ್ರಾಳಿಯಲ್ಲಿ ರೈಲು ಸೇತುವೆಯ ಕುಲುಕು, ಬೆನ್ನು ಸೀಟಿಗೆ ಒತ್ತಿದರೆ ಮಣಿಪಾಲದ ಏರು. ತಪ್ಪಿದರೆ ಒಪ್ಪುತ್ತಿರಲಿಲ್ಲ. “ರೋಡು ಅಗೆದಿದ್ದಾರೆ, ನನಗೆ ಹೇಳದೆ” ಎಂದು ಇಂಜಿನಿಯರನ್ನು ಬೈಯುತ್ತಿದ್ದರು. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಬಾರಿಸಿದರೆ, “ಹೋಗಲಿ ಬಿಡು ಪಾಪ, ನಾವು ನೋಡಿದ್ದನ್ನು ಅವ ನೋಡಲಿಲ್ಲ” ಎನ್ನುತ್ತಿದ್ದರು.

ನನ್ನ ಕೆಲಸವೇ ಕೈ ಬಿದ್ದವರನ್ನು, ಕಾಲು ಸೋತವರನ್ನು ಮತ್ತೆ ಎಬ್ಬಿಸುವುದು. ವಿದ್ಯೆ ಕಾಲೇಜಿನಲ್ಲಿ ಸಿಕ್ಕಿತು, ಇಲ್ಲವೆನ್ನುವುದಿಲ್ಲ. ಆದರೆ ಒಂದು ಹೋದಾಗ ಉಳಿದದ್ದನ್ನು ನಂಬಿ ಎಂದು ರೋಗಿಯ ಮುಖ ನೋಡಿ ಹೇಳುವ ಧೈರ್ಯ ನನಗೆ ಬಂದದ್ದು ಆ ಮಸಿ ಮೆತ್ತಿದ ಮುಖದಿಂದ. ಅಪ್ಪ ಬೇಡವೆಂದ ಕೀಲಿಕೈಯನ್ನು ಕೈಗೆ ಹಾಕಿದವರೂ ಅವರೇ. ಇದನ್ನೆಲ್ಲ ಅವರಿಗೆ ಹೇಳಿದ್ದೇನೆ, ಪುಣ್ಯ. “ಸುಮ್ಮನಿರು ಮಾರಾಯ್ತಿ, ರಸ್ತೆ ನೋಡು” ಎಂದಿದ್ದರು.

ಅವರು ಹೋಗಿ ಕೆಲವು ವರ್ಷವಾಯಿತು. ಮಣ್ಣು ಮಾಡಿ ಬಂದ ಮೇಲೆ ಬಾಯಮ್ಮ, “ಈ ಕಾರನ್ನು ನನ್ನ ಅಂಗಳದಿಂದ ತೆಗೆ ಬಾಯೆ” ಎಂದು ಕೀಲಿಕೈ ಕೊಟ್ಟರು. ನಾನು ತೆಗೆದು ಪಕ್ಕದ ನಮ್ಮ ಅಂಗಳದಲ್ಲಿ ನಿಲ್ಲಿಸಿದೆ. ಬಾಯಮ್ಮ ಈಗಲೂ ಜಗಲಿಯ ಆ ಹಿಂದಿನ ಸೀಟಿನ ಮೇಲೆ ಕೂತು, ಕಾಂಪೌಂಡಿನ ಮೇಲಿಂದ ಅದನ್ನು ನೋಡುತ್ತಿರುತ್ತಾರೆ.

ಸರ್ವೀಸ್ ಸ್ಟೇಶನ್ನಿನಿಂದ ಬಂದ ಮರುದಿನ ಕೆಂಪು ಕಾರನ್ನು ಕಾರ್ಕಳಕ್ಕೆ ಒಯ್ಯಲು ಶೆಟ್ರು ಬಂದರು. ಈ ವರ್ಷವೂ ಟ್ರ್ಯಾಕಿಗೆ ಹೋಗುವುದುಂಟು, ಬ್ರೇಕು ನೋಡಬೇಕಿತ್ತು. ಯಾವಾಗಲೂ ನಾನೇ ಓಡಿಸುವವಳು. ಅವತ್ತು ಏನನ್ನಿಸಿತೋ, ಕೀಲಿಕೈ ಶೆಟ್ರಿಗೆ ಕೊಟ್ಟು ಎಡಗಡೆ ಹೋಗಿ ಕೂತೆ. ಕಾರು ಕಲಿತ ಮೇಲೆ ಆ ಸೀಟಿನಲ್ಲಿ ನಾನು ಕೂತವಳೇ ಅಲ್ಲ. ಬಾಯಮ್ಮ ಹೇಳಿದ್ದು ನಿಜ, ನೆಲದಲ್ಲಿ ಕೂತ ಹಾಗೆಯೇ. ಗೇಟು ದಾಟಿದ ಮೇಲೆ ಕಣ್ಣು ಮುಚ್ಚಿದೆ.

“ಎಂತ ಮೇಡಂ, ನಿದ್ದೆಯಾ?” ಎಂದರು ಶೆಟ್ರು.

“ಅಲ್ಲ” ಎಂದೆ.

ಕಾಪು ಪೇಟೆಯ ಹಂಪು ಸಿಕ್ಕಿತು. ಶಿರ್ವದ ದಾರಿಯ ತಿರುವುಗಳು ಒಂದೊಂದಾಗಿ ಸಿಕ್ಕಿದವು. ಬೆಳ್ಮಣ್ಣಿನ ಹತ್ತಿರ ಶೆಟ್ರು ಬ್ರೇಕ್ ತಡ ಮಾಡಿದ್ದೂ ಸಿಕ್ಕಿತು. ಹೇಳಿ ನಗೋಣವೆಂದು ಬಾಯಿ ತೆರೆದೆ... ಪೊರ್ಬುಗಳು ಮಾತ್ರ ಸಿಗಲಿಲ್ಲ.